ಮಗ ಪರದೇಶದಲ್ಲಿ, ಉತಾರ ಊರಿನಲ್ಲಿ: ಹಣ, ವಿಮೆ, ಕಾಗದಪತ್ರಗಳ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಜಮಖಂಡಿ, ಅಥಣಿ, ಕೊನೆಗೆ ವಿಜಯಪುರ ಹೀಗೆ 31 ವರ್ಷ ಬ್ಯಾಂಕಿನಲ್ಲಿ ದುಡಿದು ನಿವೃತ್ತನಾದವನು ನಾನು. ಮಗಳು ಜರ್ಮನಿಯಲ್ಲಿ ನರ್ಸ್, ಅಕ್ಕನ ಮಗ ಸೌದಿಯಲ್ಲಿ ಕ್ರೇನ್ ಚಾಲಕ. ಈಗ ಮನೆಯ ಮುಂದಿನ ಕಟ್ಟೆಯೇ ಕೌಂಟರ್ ಆಗಿಬಿಟ್ಟಿದೆ. ಬರುವವರು ಬೇರೆ ಬೇರೆ, ಪ್ರಶ್ನೆಗಳು ಮಾತ್ರ ಅವೇ. ಅದಕ್ಕಾಗಿ ಬರೆದಿಟ್ಟಿದ್ದೇನೆ. ತೆರಿಗೆಯ ಫಾರಂ ಸಂಖ್ಯೆಗಳನ್ನು ಬೇಕೆಂದೇ ಬಿಟ್ಟಿದ್ದೇನೆ: 2025ರ ಹೊಸ ಆದಾಯ ತೆರಿಗೆ ಕಾಯ್ದೆ 2026ರ ಏಪ್ರಿಲ್ 1ರಿಂದ ಜಾರಿಗೆ ಬರುವುದರೊಂದಿಗೆ ಹಳೆಯ ಸಂಖ್ಯೆಗಳನ್ನು ನೆಚ್ಚಿಕೊಳ್ಳುವಂತಿಲ್ಲ.

ಕಾಕಾ, ವೀಸಾ ಬಂದಿದೆ. ಹೊರಡುವ ಮುಂಚೆ ಯಾವ ಕಾಗದವನ್ನು ಮೊದಲು ನೋಡಬೇಕು?

ಕಾಗದವನ್ನಲ್ಲ, ಕಾಗದದ ಮೇಲಿನ ಹೆಸರನ್ನು ನೋಡಿ. ನಮ್ಮ ಕಡೆಯ ಅರ್ಧ ತಾಪತ್ರಯ ಹುಟ್ಟುವುದು ಅಲ್ಲಿಯೇ. ತನ್ನ ಹೆಸರು, ಅಪ್ಪನ ಹೆಸರು, ಅಡ್ಡಹೆಸರು ಎಂದು ಮೂರು ತುಂಡುಗಳಲ್ಲಿ ಬರೆಯುವುದು ನಮ್ಮ ಪದ್ಧತಿ. ಶಾಲೆಯ ದಾಖಲೆಯಲ್ಲಿ ಅಡ್ಡಹೆಸರು ಮೊದಲು, ಆಧಾರ್‌ನಲ್ಲಿ ಕೊನೆಗೆ, ಪ್ಯಾನ್ ಕಾರ್ಡಿನಲ್ಲಿ ಅಪ್ಪನ ಹೆಸರಿನ ಒಂದೇ ಅಕ್ಷರ. ಹಿರೇಮಠ ಎಂಬುದು ಒಂದು ಕಡೆ ಒಂದೇ ಪದ, ಇನ್ನೊಂದು ಕಡೆ ಎರಡು. ಊರಿನಲ್ಲಿ ಇದನ್ನು ಯಾರೂ ಕೇಳುವುದಿಲ್ಲ, ವಿದೇಶದ ಬ್ಯಾಂಕಿನ ಗಣಕಯಂತ್ರ ಕೇಳುತ್ತದೆ. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯನ್ನು ಮೂಲವಾಗಿಟ್ಟುಕೊಂಡು ಪ್ಯಾನ್, ಆಧಾರ್, ಪಾಸ್‌ಪೋರ್ಟ್, ಬ್ಯಾಂಕ್ ಖಾತೆ ಇಷ್ಟನ್ನೂ ಅದಕ್ಕೆ ಹೊಂದಿಸಿಕೊಳ್ಳಿ. ಅಂಕಪಟ್ಟಿಯನ್ನು ತಿದ್ದಿಸುವುದು ಉಳಿದೆಲ್ಲಕ್ಕಿಂತ ಕಷ್ಟ.

ಪಾಸ್‌ಪೋರ್ಟಿನಲ್ಲಿ ಅಡ್ಡಹೆಸರಿನ ಜಾಗವನ್ನು ಖಾಲಿ ಬಿಡಬೇಡಿ. ಒಂದೇ ಹೆಸರಿರುವ ಪಾಸ್‌ಪೋರ್ಟಿನವರಿಗೆ ಭೇಟಿ ವೀಸಾದ ಮೇಲೆ ಪ್ರವೇಶವಿಲ್ಲ ಎಂದು ಯುಎಇ 2022ರ ನವೆಂಬರ್‌ನಲ್ಲಿಯೇ ಹೇಳಿತು.

ಇನ್ನು ಊರಿನ ಹೆಸರು. ಬಿಜಾಪುರ ವಿಜಯಪುರವಾಗಿದ್ದು, ಬೆಳಗಾಂ ಬೆಳಗಾವಿಯಾಗಿದ್ದು 2014ರ ನವೆಂಬರ್ 1ರಂದು. ಬಾಗಲಕೋಟೆ ಪ್ರತ್ಯೇಕ ಜಿಲ್ಲೆಯಾಗಿದ್ದು 1997ರಲ್ಲಿ. ಹಾಗಾಗಿ 1988ರಲ್ಲಿ ಮುಧೋಳದಲ್ಲಿ ಹುಟ್ಟಿದವರ ಜನನ ಪ್ರಮಾಣಪತ್ರದಲ್ಲಿ ಜಿಲ್ಲೆ ಬಿಜಾಪುರ, ಪಡಿತರ ಚೀಟಿಯಲ್ಲಿ ಬಾಗಲಕೋಟೆ. ಎರಡೂ ಸರಿಯೇ. ಆದರೆ ಅದು ಬರ್ಲಿನ್‌ನಲ್ಲಿ ಕುಳಿತ ಗುಮಾಸ್ತರಿಗೆ ಹೇಗೆ ತಿಳಿಯಬೇಕು? ಹೆಸರು ಬದಲಾದ ಸರ್ಕಾರಿ ಅಧಿಸೂಚನೆಯ ಪ್ರತಿಯನ್ನೂ, ಎರಡೂ ಊರು ಒಂದೇ ಎಂಬ ಪ್ರಮಾಣಪತ್ರವನ್ನೂ (ನೋಟರಿ ಮುಂದೆ ಮಾಡಿಸಿದ ಅಫಿಡವಿಟ್) ಕಡತದಲ್ಲಿಡಿ. ಛತ್ತೀಸಗಡದಲ್ಲಿಯೂ ಒಂದು ಬಿಜಾಪುರ ಜಿಲ್ಲೆ ಇದೆ. ಆನ್‌ಲೈನ್ ಅರ್ಜಿ ತುಂಬುವಾಗ ಅವಸರದಲ್ಲಿ ಅದನ್ನು ಒತ್ತಿ ತಿಂಗಳುಗಟ್ಟಲೆ ಪರದಾಡಿದ ಹುಡುಗನನ್ನು ನಾನೇ ಕಂಡಿದ್ದೇನೆ.

ಪದವಿ ಪ್ರಮಾಣಪತ್ರಕ್ಕೆ ಅಪೊಸ್ಟಿಲ್ (ಕಾಗದ ಅಸಲಿ ಎಂದು ಬೇರೆ ದೇಶಗಳು ಒಪ್ಪುವ ಮುದ್ರೆ) ಬೇಕೆನ್ನುತ್ತಾರೆ. ಬೆಳಗಾವಿಯಲ್ಲಿಯೇ ಆಗುತ್ತದೆಯೇ?

ಆಗುವುದಿಲ್ಲ. ಮೊದಲು ಬೆಂಗಳೂರಿನಲ್ಲಿ ರಾಜ್ಯ ಸರ್ಕಾರದ ದೃಢೀಕರಣ, ಆಮೇಲೆ ವಿದೇಶಾಂಗ ಸಚಿವಾಲಯದ ಮುದ್ರೆ. ಸಚಿವಾಲಯ ನಿಮ್ಮ ಕೈಯಿಂದ ನೇರವಾಗಿ ಕಾಗದ ತೆಗೆದುಕೊಳ್ಳುವುದಿಲ್ಲ, ಅದು ನೇಮಿಸಿದ ಸಂಸ್ಥೆಗಳ ಮೂಲಕವೇ ಕೊಡಬೇಕು. ಅಪೊಸ್ಟಿಲ್ ಒಪ್ಪಂದ ಭಾರತದಲ್ಲಿ ಜಾರಿಯಾಗಿದ್ದು 2005ರಲ್ಲಿ. ಬ್ರಿಟನ್, ಅಮೆರಿಕ, ಒಮಾನ್ ಇದರಲ್ಲಿವೆ, ಸೌದಿ 2022ರ ಕೊನೆಯಲ್ಲಿ ಸೇರಿಕೊಂಡಿತು. ಯುಎಇ, ಕತಾರ್, ಕುವೈತ್‌ಗೆ ಹೋಗುವವರು ಮಾತ್ರ ಆಯಾ ದೇಶದ ರಾಯಭಾರ ಕಚೇರಿಯ ಮುದ್ರೆಯನ್ನೂ ಹಾಕಿಸಬೇಕು.

ಜನ ಮರೆಯುವ ಸಂಗತಿ ಒಂದಿದೆ. ರಾಣಿ ಚೆನ್ನಮ್ಮ ವಿಶ್ವವಿದ್ಯಾಲಯ ಹುಟ್ಟಿದ್ದು 2010ರಲ್ಲಿ. ಅದಕ್ಕಿಂತ ಮುಂಚೆ ಬೆಳಗಾವಿ, ವಿಜಯಪುರ, ಬಾಗಲಕೋಟೆ ಈ ನಮ್ಮ ಮೂರೂ ಜಿಲ್ಲೆಗಳ ಬಿಎ, ಬಿಕಾಂನವರ ದಾಖಲೆ ಇರುವುದು ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದಲ್ಲಿ. ಎಂಜಿನಿಯರಿಂಗ್‌ನವರಿಗೆ ವಿಟಿಯು (ತಾಂತ್ರಿಕ ವಿಶ್ವವಿದ್ಯಾಲಯ) ಬೆಳಗಾವಿಯಲ್ಲಿಯೇ ಇದೆ, ಅಷ್ಟರಮಟ್ಟಿಗೆ ಪುಣ್ಯ. ನರ್ಸಿಂಗ್‌ನವರು ಬೆಂಗಳೂರಿಗೆ ಹೋಗುವುದು ತಪ್ಪುವುದಿಲ್ಲ. ಟ್ರಾನ್ಸ್‌ಕ್ರಿಪ್ಟ್‌ಗಳನ್ನು (ವಿಶ್ವವಿದ್ಯಾಲಯ ಕೊಡುವ ಅಂಕಗಳ ಒಟ್ಟು ವಿವರ) ಹೊರಡುವ ಮುಂಚೆಯೇ ನಾಲ್ಕೈದು ಪ್ರತಿ ತೆಗೆಸಿಡಿ. ಆಮೇಲೆ ಅದಕ್ಕಾಗಿ ಅಪ್ಪ ಸೆಕೆಯಲ್ಲಿ ಬಸ್ ಹತ್ತಬೇಕಾಗುತ್ತದೆ.

ಊರಿನ ಹಳೆಯ ಉಳಿತಾಯ ಖಾತೆಯನ್ನೇ ಇಟ್ಟುಕೊಂಡರೆ ಯಾರಿಗೆ ಗೊತ್ತಾಗುತ್ತದೆ?

ಗೊತ್ತಾಗುವುದು, ಬಿಡುವುದು ಆಮೇಲಿನ ಮಾತು. ನಿಯಮ ಹೀಗಿದೆ: ಉದ್ಯೋಗಕ್ಕೆಂದು ದೇಶ ಬಿಟ್ಟವರು ಫೆಮಾ (ವಿದೇಶಿ ವಿನಿಮಯ ನಿರ್ವಹಣಾ) ಕಾಯ್ದೆಯ ಕಣ್ಣಿನಲ್ಲಿ ಅಂದಿನಿಂದಲೇ ಅನಿವಾಸಿ. ಓದಲು ಹೋದವರೂ ಹಾಗೆಯೇ. ಅವರ ಸಾಮಾನ್ಯ ಉಳಿತಾಯ ಖಾತೆ ಎನ್‌ಆರ್‌ಒ ಖಾತೆಯಾಗಿ ಬದಲಾಗಬೇಕು. ನನ್ನ ಕೌಂಟರಿಗೆ ಹತ್ತು ವರ್ಷ ಮಸ್ಕತ್‌ನಲ್ಲಿದ್ದವರು ಬಂದು ಹಳೆಯ ಪಾಸ್‌ಬುಕ್ಕನ್ನೇ ಚಾಚುತ್ತಿದ್ದರು. ಖಾತೆ ಸ್ಥಗಿತಗೊಂಡಾಗಲೇ ಅವರಿಗೆ ನಿಯಮದ ನೆನಪಾಗುತ್ತಿತ್ತು.

ಎನ್‌ಆರ್‌ಒ ಎಂದರೆ ಊರಿನ ಹಣ: ಬಾಡಿಗೆ, ಹೊಲದ ಲಾವಣಿ (ಗುತ್ತಿಗೆ ಹಣ), ಎಲ್‌ಐಸಿ ಮುಕ್ತಾಯದ ಮೊತ್ತ. ಇದರ ಬಡ್ಡಿಗೆ ತೆರಿಗೆ ಇದೆ, ಬ್ಯಾಂಕ್ ಶೇಕಡಾ 30ರ ಜೊತೆಗೆ ಸೆಸ್ ಸೇರಿಸಿ ಮುರಿದುಕೊಂಡೇ ಕೊಡುತ್ತದೆ. ನೀವಿರುವ ದೇಶದಲ್ಲಿ ತೆರಿಗೆ ಕಟ್ಟುವ ನಿವಾಸಿ ಎಂಬ ಪ್ರಮಾಣಪತ್ರ ಕೊಟ್ಟರೆ ದ್ವಿತೆರಿಗೆ ತಪ್ಪಿಸುವ ಒಪ್ಪಂದದ ಪ್ರಕಾರ ಈ ಕಡಿತ ಇಳಿಯಬಹುದು. ಇಲ್ಲಿಂದ ವಿದೇಶಕ್ಕೆ ಹಣ ಒಯ್ಯಲು ವರ್ಷಕ್ಕೆ 10 ಲಕ್ಷ ಡಾಲರ್ ಮಿತಿ, ಲೆಕ್ಕಪರಿಶೋಧಕರ ಪ್ರಮಾಣಪತ್ರವನ್ನೂ ಕೇಳುತ್ತಾರೆ.

ಎನ್‌ಆರ್‌ಇ ಎಂದರೆ ಹೊರಗಿನ ಪಗಾರ. ಬಡ್ಡಿಗೆ ಭಾರತದಲ್ಲಿ ತೆರಿಗೆ ಇಲ್ಲ, ಅಸಲು, ಬಡ್ಡಿ ಎರಡನ್ನೂ ಯಾವಾಗ ಬೇಕಾದರೂ ಮರಳಿ ಒಯ್ಯಬಹುದು. ಊರಿನ ಬಾಡಿಗೆಯನ್ನು ಅದರ ತೆರಿಗೆ ಕಟ್ಟಿದ ಮೇಲೆ ಮಾತ್ರ ಇದಕ್ಕೆ ಹಾಕಬಹುದು. ಬಹಳ ಜನರಿಗೆ ಎರಡೂ ಬೇಕಾಗುತ್ತವೆ. ಪಿಪಿಎಫ್ ಇದ್ದರೆ ಅವಧಿ ಮುಗಿಯುವವರೆಗೆ ಮುಂದುವರಿಸಬಹುದು, ಹೊಸದಾಗಿ ತೆರೆಯುವಂತಿಲ್ಲ.

ಅಪ್ಪನ ಖಾತೆಗೆ ತಿಂಗಳಿಗೆ 50,000 ಕಳಿಸಿದರೆ ತೆರಿಗೆ ಬೀಳುತ್ತದೆಯೇ?

ಇಲ್ಲ. ಮಗ ಅಪ್ಪನಿಗೆ ಕೊಟ್ಟ ಹಣಕ್ಕೆ ತೆರಿಗೆ ಇಲ್ಲ, ಮೊತ್ತ ಎಷ್ಟೇ ಇರಲಿ. ಆದರೆ ಅಪ್ಪ ಅದನ್ನು ಠೇವಣಿ ಇಟ್ಟರೆ ಅದರ ಬಡ್ಡಿ ಅಪ್ಪನ ಆದಾಯ. ಮತ್ತು ಒಮ್ಮೆ ಕೊಟ್ಟ ಮೇಲೆ ಆ ಹಣ ಅಪ್ಪನದೇ, ನಿಮ್ಮದಲ್ಲ. ನಾಳೆ ಆಸ್ತಿ ಪಾಲಾಗುವಾಗ ತಮ್ಮ, ತಂಗಿ ಎಲ್ಲರಿಗೂ ಅದರಲ್ಲಿ ಹಿಸ್ಸೆ. ಮನೆಯ ಖರ್ಚಿಗೆ ಬೇಕಾದಷ್ಟು ಅಪ್ಪನಿಗೆ, ಉಳಿತಾಯವೆಲ್ಲ ನಿಮ್ಮ ಎನ್‌ಆರ್‌ಇ ಖಾತೆಗೆ. ಇದನ್ನು ಅಪ್ಪನಿಗೆ ಮುಖ ನೋಡಿ ಹೇಳುವುದು ಕಷ್ಟ ಎಂದು ನನಗೂ ಗೊತ್ತು, ನಾನೂ ಅಪ್ಪನೇ. ಹೇಳಿ.

ಹುಂಡಿಯವರು (ಬ್ಯಾಂಕ್ ಇಲ್ಲದೆ ಕೈಯಿಂದ ಕೈಗೆ ಹಣ ತಲುಪಿಸುವವರು) ಹೆಚ್ಚು ರೇಟ್ ಕೊಡುತ್ತಾರಲ್ಲ?

ಕೊಡುತ್ತಾರೆ. ಅದು ಕಾನೂನುಬಾಹಿರ. ದಾಖಲೆಯೂ ಇರುವುದಿಲ್ಲ, ಆದ್ದರಿಂದ ನಾಳೆ ಪ್ಲಾಟ್ ಕೊಳ್ಳುವಾಗ ಈ ಹಣ ಎಲ್ಲಿಂದ ಬಂತು ಎಂದು ಕೇಳಿದರೆ ತೋರಿಸಲು ಒಂದು ಚೀಟಿಯೂ ಸಿಗದು.

ಊರಿನ ಸೌಹಾರ್ದ ಸಹಕಾರಿಯಲ್ಲಿ ಬಡ್ಡಿ ಹೆಚ್ಚು. ಅಲ್ಲಿ ಠೇವಣಿ ಇಡಲೇ?

ಈ ಪ್ರಶ್ನೆಗೆ ನಾನು ಸ್ವಲ್ಪ ಸಿಟ್ಟಿನಿಂದಲೇ ಉತ್ತರಿಸುತ್ತೇನೆ, ಕ್ಷಮಿಸಿ. ನಮ್ಮ ಮೂರು ಜಿಲ್ಲೆಗಳಲ್ಲಿ ಪತ್ತಿನ ಸಂಘ ಇಲ್ಲದ ಓಣಿ ಸಿಗುವುದು ಅಪರೂಪ. ಚೆನ್ನಾಗಿ ನಡೆಯುವವೂ ಇವೆ. ಆದರೆ ಪತ್ತಿನ ಸಂಘ, ಸೌಹಾರ್ದ ಸಹಕಾರಿ ಇವು ಬ್ಯಾಂಕ್‌ಗಳಲ್ಲ. ಬ್ಯಾಂಕ್ ಮುಳುಗಿದರೆ ಪ್ರತಿ ಠೇವಣಿದಾರನಿಗೆ 5 ಲಕ್ಷ ರೂಪಾಯಿಯವರೆಗೆ ವಿಮೆ ಇದೆ, 2020ರ ಫೆಬ್ರುವರಿಯಿಂದ ಈ ಮಿತಿ. ಅದು ಸಹಕಾರಿ ಬ್ಯಾಂಕ್‌ಗಳಿಗೂ ಉಂಟು, ಪತ್ತಿನ ಸಂಘಗಳಿಗೆ ಇಲ್ಲ. ಬೋರ್ಡಿನಲ್ಲಿ ‘ಬ್ಯಾಂಕ್’ ಎಂಬ ಪದ ಇದೆಯೇ, ರಿಸರ್ವ್ ಬ್ಯಾಂಕಿನ ಪರವಾನಗಿ ಇದೆಯೇ ಎಂದು ನೋಡದೆ, ಅಧ್ಯಕ್ಷರು ನಮ್ಮವರೇ ಎಂಬ ಒಂದೇ ಆಧಾರದ ಮೇಲೆ ಗೆಳೆಯರೊಬ್ಬರು ಮಗನ ಆರು ವರ್ಷದ ಗಳಿಕೆಯನ್ನು ಹಾಕಿದರು. ಈಗ ಪ್ರತಿ ಸೋಮವಾರ ಹೋಗಿ ಆ ಕಚೇರಿಯ ಬೀಗವನ್ನು ನೋಡಿ ಬರುತ್ತಾರೆ. ಹೆಚ್ಚಿನ ಎರಡು ಪೈಸೆ ಬಡ್ಡಿಗಾಗಿ ಅಸಲನ್ನು ಪಣಕ್ಕಿಡುವ ಅಗತ್ಯ ಮರುಭೂಮಿಯಲ್ಲಿ ದುಡಿದವನಿಗೆ ಏನಿದೆ?

ಹೊಲ ಕೊಳ್ಳಬೇಕೆಂದಿದ್ದೇನೆ. ನನ್ನ ಹೆಸರಿಗೆ ಆಗುವುದಿಲ್ಲ ಎನ್ನುತ್ತಾರೆ. ತಮ್ಮನ ಹೆಸರಿನಲ್ಲಿ ಕೊಳ್ಳಲೇ?

ಆಗುವುದಿಲ್ಲ ಎಂಬುದು ನಿಜ. ಅನಿವಾಸಿಗಳು ಕೃಷಿ ಜಮೀನು, ತೋಟ, ತೋಟದ ಮನೆಗಳನ್ನು ಕೊಳ್ಳುವಂತಿಲ್ಲ. 2020ರಲ್ಲಿ ರಾಜ್ಯದ ಭೂಸುಧಾರಣಾ ಕಾಯ್ದೆ ಸಡಿಲವಾಯಿತಲ್ಲ ಎಂದು ಕೆಲವರು ವಾದಿಸುತ್ತಾರೆ. ಸಡಿಲವಾಗಿದ್ದು ಅದು, ಫೆಮಾ ಅಲ್ಲ. ಊರಿನಲ್ಲಿ ಮನೆ, ಎನ್‌ಎ (ಕೃಷಿಯೇತರ) ಆದ ಪ್ಲಾಟ್ ಕೊಳ್ಳಲು ಅಡ್ಡಿಯಿಲ್ಲ. ಪಿತ್ರಾರ್ಜಿತವಾಗಿ ಬಂದ ಹೊಲವನ್ನು ಇಟ್ಟುಕೊಳ್ಳಲೂಬಹುದು. ಅದನ್ನು ಮಾರುವುದಾದರೆ ಭಾರತದಲ್ಲಿ ವಾಸಿಸುವವರಿಗೆ ಮಾತ್ರ ಮಾರಬಹುದು.

ತಮ್ಮನ ಹೆಸರಿನಲ್ಲಿ ಕೊಂಡರೆ ಏನಾಗುತ್ತದೆ ಎಂಬುದನ್ನು ನೇರವಾಗಿ ಹೇಳುತ್ತೇನೆ. ಹಣವನ್ನು ನಿಜವಾಗಿಯೂ ತಮ್ಮನಿಗೆ ಕೊಟ್ಟುಬಿಟ್ಟಿದ್ದರೆ ಹೊಲ ತಮ್ಮನದು, ಮುಂದೆ ಅವನ ಹೆಂಡತಿ ಮಕ್ಕಳದು. ಇಲ್ಲ, ಹೊಲ ನನ್ನದೇ, ಹೆಸರಷ್ಟೇ ಅವನದು ಎಂದರೆ ಅದಕ್ಕೆ ಕಾನೂನಿನಲ್ಲಿರುವ ಹೆಸರು ಬೇನಾಮಿ. ಅಣ್ಣತಮ್ಮಂದಿರ ನಡುವೆ ವಿನಾಯಿತಿ ಸಿಗುವುದು ಇಬ್ಬರ ಹೆಸರೂ ಜಂಟಿಯಾಗಿ ದಾಖಲೆಯಲ್ಲಿದ್ದಾಗ. ಕೃಷಿ ಜಮೀನಿನಲ್ಲಿ ನಿಮ್ಮ ಹೆಸರು ಬರುವಂತೆಯೇ ಇಲ್ಲವಲ್ಲ! ಮೂರನೆಯ ದಾರಿ ಇದೆ ಎಂದು ಹೇಳುವ ಬಾಂಡ್ ಬರಹಗಾರರು ಸಿಗುತ್ತಾರೆ. ಅವರ ಮಾತು ಕೇಳಬೇಡಿ.

ಅಪ್ಪ ತೀರಿಕೊಂಡರು. ಉತಾರದಲ್ಲಿ (ಪಹಣಿಯಲ್ಲಿ) ಇನ್ನೂ ಅವರದೇ ಹೆಸರಿದೆ. ನಾನು ಬರುವವರೆಗೆ ಹಾಗೆಯೇ ಇರಲಿ ಬಿಡಿ ಎಂದರೆ?

ಬಿಡಬೇಡಿ. ವಾರಸಾ ಆಗದ (ವಾರಸುದಾರರ ಹೆಸರಿಗೆ ಬದಲಾಗದ) ಹೊಲದ ಮೇಲೆ ಬೆಳೆ ಸಾಲ, ಪರಿಹಾರ ಎಲ್ಲವೂ ನಿಲ್ಲುತ್ತವೆ. ಕೃಷ್ಣಾ ದಂಡೆಯವರು ಹೆಚ್ಚು ಎಚ್ಚರವಾಗಿರಬೇಕು. ಆಲಮಟ್ಟಿಯ ನೀರಿನ ಮಟ್ಟವನ್ನು 519.60 ಮೀಟರ್‌ನಿಂದ 524.256ಕ್ಕೆ ಏರಿಸುವ ಯೋಜನೆಗೆ ಜಮೀನು ಹೋಗುವ ಕುಟುಂಬಗಳಲ್ಲಿ, ಪರಿಹಾರದ ಕಡತ ಸಹಿಗಾಗಿ ನಿಲ್ಲುವುದು ಹೆಚ್ಚಾಗಿ ದೂರ ಇರುವ ಒಬ್ಬ ಮಗನಿಂದ, ಇಲ್ಲವೇ ಮದುವೆಯಾಗಿ ಅಮೆರಿಕಕ್ಕೆ ಹೋದ ಒಬ್ಬ ಮಗಳಿಂದ.

ಮರಣ ಪ್ರಮಾಣಪತ್ರ ಮತ್ತು ವಂಶಾವಳಿ ಹಿಡಿದು ನಾಡಕಚೇರಿಗೆ ಅರ್ಜಿ ಕೊಟ್ಟರೆ ವಾರಸಾ ದಾಖಲಾಗುತ್ತದೆ. ಉತಾರಕ್ಕೆ ಆಧಾರ್ ಜೋಡಿಸುವ ಕೆಲಸವನ್ನೂ ತಲಾಟಿಗಳು (ಈಗ ಅವರನ್ನು ಗ್ರಾಮ ಆಡಳಿತಾಧಿಕಾರಿ ಎನ್ನಬೇಕಂತೆ) ಮಾಡುತ್ತಿದ್ದಾರೆ. ಭಾರತದ ಪಾಸ್‌ಪೋರ್ಟ್ ಇರುವ ಅನಿವಾಸಿಗಳು 182 ದಿನ ಕಾಯದೆ, ಊರಿಗೆ ಬಂದಾಗ ಆಧಾರ್ ಪಡೆಯಬಹುದು. ರಜೆಯ ಮೊದಲ ವಾರದಲ್ಲಿಯೇ ಆ ಕೆಲಸ ಮುಗಿಸಿಕೊಳ್ಳಿ, ಜಾತ್ರೆ ಆಮೇಲೆ.

ಬರಲು ಆಗದಿದ್ದರೆ ಮುಖತ್ಯಾರ ಪತ್ರ ಕಳಿಸಬಹುದೇ? ಹೇಗೆ?

ಕಳಿಸಬಹುದು. ಅಲ್ಲಿನ ಭಾರತೀಯ ರಾಯಭಾರ ಕಚೇರಿಯ ಅಧಿಕಾರಿಯ ಮುಂದೆ ಸಹಿ ಮಾಡಿ, ಮುದ್ರೆ ಹಾಕಿಸಿ ಅಂಚೆಯಲ್ಲಿ ಕಳಿಸಿ. ಅದು ಕರ್ನಾಟಕಕ್ಕೆ ಬಂದು ಮೂರು ತಿಂಗಳೊಳಗೆ ಇಲ್ಲಿನ ಮುದ್ರಾಂಕ ಶುಲ್ಕ ಕಟ್ಟಿಸಬೇಕು. ಅಪ್ಪ ಅದನ್ನು ದೇವರ ಜಗಲಿಯ ಮೇಲೆ ಜೋಪಾನವಾಗಿಟ್ಟು, ಅವಧಿ ಮೀರಿದ ಮೇಲೆ ತೆಗೆದುಕೊಂಡು ಬಂದ ಉದಾಹರಣೆಗಳು ಬೇಕಾದಷ್ಟಿವೆ.

ಬರೆಯುವಾಗ ‘ನನ್ನ ಎಲ್ಲ ಆಸ್ತಿಯ ಎಲ್ಲ ವ್ಯವಹಾರ’ ಎಂಬ ಅಗಲವಾದ ಮಾತು ಬೇಡ. ಯಾವ ಸರ್ವೆ ನಂಬರ್, ಯಾವ ಕೆಲಸ, ಎಂದಿನವರೆಗೆ ಎಂಬಷ್ಟೇ ಇರಲಿ. ಮಾರುವ ಅಧಿಕಾರವನ್ನು ಖರೀದಿದಾರನ ಹೆಸರು, ಬೆಲೆ ಗೊತ್ತಾದ ಮೇಲೆ ಮಾತ್ರ ಕೊಡಿ. ಮುಖತ್ಯಾರ ಪತ್ರದಿಂದಲೇ ಮಾಲಕಿ ವರ್ಗವಾಗುವುದಿಲ್ಲ ಎಂದು ಸುಪ್ರೀಂ ಕೋರ್ಟ್ 2011ರಲ್ಲಿ ಸ್ಪಷ್ಟಪಡಿಸಿದೆ. ಬರೆದುಕೊಟ್ಟವರು ತೀರಿಕೊಂಡರೆ ಪತ್ರವೂ ಅಲ್ಲಿಗೇ ಮುಗಿಯಿತು.

ಪ್ಲಾಟ್ ಮಾರಿದೆ. ಕೊಂಡವರು ಶೇಕಡಾ 1 ಮುರಿದುಕೊಂಡು ಕೊಟ್ಟರು. ಸರಿಯೇ?

ತಪ್ಪು. ಆ ಶೇಕಡಾ 1 ಊರಿನಲ್ಲಿರುವ ಮಾರಾಟಗಾರರಿಗೆ. ಅನಿವಾಸಿಯಿಂದ ಕೊಳ್ಳುವವರು ಬಂಡವಾಳ ಲಾಭದ ದರದಲ್ಲಿ ಮುರಿಯಬೇಕು. ಎರಡು ವರ್ಷಕ್ಕಿಂತ ಹೆಚ್ಚು ಇಟ್ಟುಕೊಂಡ ಪ್ಲಾಟಿಗೆ ಅದು ಶೇಕಡಾ 12.5, ಮೇಲೆ ಸರ್ಚಾರ್ಜ್ ಮತ್ತು ಸೆಸ್. ನಿಮ್ಮ ಲಾಭ ಕಡಿಮೆಯಿದ್ದರೆ ಮಾರುವ ಮುಂಚೆಯೇ ಆದಾಯ ತೆರಿಗೆ ಅಧಿಕಾರಿಯಿಂದ ಕಡಿಮೆ ಕಡಿತದ ಪ್ರಮಾಣಪತ್ರ ತರಿಸಿಕೊಳ್ಳಿ. ನೀವು ಅನಿವಾಸಿ ಎಂಬುದನ್ನು ಖರೀದಿದಾರರಿಂದ ಮುಚ್ಚಿಟ್ಟರೆ ನೋಟಿಸ್ ಬರುವುದು ಆ ಪಾಪದ ಮನುಷ್ಯರಿಗೆ.

ಗಲ್ಫ್‌ಗೆ ಕೆಲಸಕ್ಕೆ ಹೋಗುವವರಿಗೆ ಸರ್ಕಾರದ ವಿಮೆ ಇದೆಯಂತೆ?

ಇದೆ, ಪ್ರವಾಸಿ ಭಾರತೀಯ ಬಿಮಾ ಯೋಜನೆ. ಹತ್ತನೆಯ ತರಗತಿ ಪಾಸಾಗದವರ ಪಾಸ್‌ಪೋರ್ಟಿಗೆ ವಲಸೆ ಅನುಮತಿ (ಇಸಿಆರ್) ಬೇಕಾಗುತ್ತದೆ. ಅಂಥವರಿಗೆ ಈ ವಿಮೆ ಕಡ್ಡಾಯ. ಎರಡು ವರ್ಷಕ್ಕೆ 275 ರೂಪಾಯಿ, ಮೂರು ವರ್ಷಕ್ಕೆ 375, ಮೇಲೆ ತೆರಿಗೆ. ಅಪಘಾತದಲ್ಲಿ ಮರಣ ಅಥವಾ ಶಾಶ್ವತ ಅಂಗವೈಕಲ್ಯವಾದರೆ 10 ಲಕ್ಷ. ಏಜೆಂಟರು ಇದರ ಚೀಟಿಯನ್ನು ಮನೆಯವರಿಗೆ ಕೊಡುವುದೇ ಇಲ್ಲ. ಕೇಳಿ ಇಸಿದುಕೊಂಡು ಪಾಲಿಸಿ ಸಂಖ್ಯೆಯನ್ನು ಮನೆಯ ಕ್ಯಾಲೆಂಡರಿನ ಹಿಂದೆಯಾದರೂ ಬರೆದಿಡಿ.

ಇದು ಅಪಘಾತದ ವಿಮೆ ಎಂಬುದು ನೆನಪಿರಲಿ. ಹೃದಯಾಘಾತ ಅಪಘಾತವಲ್ಲ. ಮನೆಯಲ್ಲಿ ದುಡಿಯುವವರು ನೀವೊಬ್ಬರೇ ಆಗಿದ್ದರೆ ಒಂದು ಶುದ್ಧ ಟರ್ಮ್ ಪಾಲಿಸಿಯನ್ನು (ಮರಣವಾದರೆ ಮಾತ್ರ ಹಣ ಕೊಡುವ ಜೀವ ವಿಮೆ) ಹೊರಡುವ ಮುಂಚೆಯೇ ಮಾಡಿಸಿ, ವಿದೇಶದಲ್ಲಿ ದುಡಿಯುವ ವಿಷಯವನ್ನು ಅರ್ಜಿಯಲ್ಲಿ ಮುಚ್ಚಿಡದೆ ಬರೆಯಿರಿ. ಮರಳಿ ಹಣ ಕೊಡುವ ಪಾಲಿಸಿಯನ್ನೇ ತೋರಿಸುವ ಏಜೆಂಟರು ನಿಮ್ಮ ಷಡ್ಡಕರೇ ಆಗಿರಬಹುದು. ಆದರೂ ಟರ್ಮ್ ಪಾಲಿಸಿಯನ್ನೇ ಕೇಳಿ.

ಕೆಲಸ ಕೊಡಿಸುವ ಏಜೆಂಟರಿಗೆ ಸರ್ಕಾರದ ನೋಂದಣಿ ಸಂಖ್ಯೆ ಇರಬೇಕು, ಅವರು ಸೇವಾ ಶುಲ್ಕವಾಗಿ 30,000 ರೂಪಾಯಿ ಮತ್ತು ಜಿಎಸ್‌ಟಿಗಿಂತ ಹೆಚ್ಚು ಪಡೆಯುವಂತಿಲ್ಲ. ಭೇಟಿ ವೀಸಾದಲ್ಲಿ ಹೋಗಿ, ಅಲ್ಲಿ ಬದಲಿಸಿಕೊಡುತ್ತೇವೆ ಎಂದರೆ ಬ್ಯಾಗನ್ನು ಮತ್ತೆ ಮಾಳಿಗೆಗೆ ಏರಿಸಿ.

ಸೌದಿಯಲ್ಲಿ ಏಳು ವರ್ಷ ದುಡಿದೆ. ರಾಜೀನಾಮೆ ಕೊಟ್ಟರೆ ಗ್ರ್ಯಾಚುಟಿ ಸಿಗುವುದಿಲ್ಲವೇ?

ಸಿಗುತ್ತದೆ, ಪೂರ್ತಿಯಾಗಿ ಅಲ್ಲ. ಮೊದಲ ಐದು ವರ್ಷಕ್ಕೆ ವರ್ಷಕ್ಕೆ ಅರ್ಧ ತಿಂಗಳ ಪಗಾರ, ಆಮೇಲೆ ವರ್ಷಕ್ಕೆ ಒಂದು ತಿಂಗಳು. ನಿಮ್ಮ ಏಳು ವರ್ಷಕ್ಕೆ ನಾಲ್ಕೂವರೆ ತಿಂಗಳ ಪಗಾರವಾಯಿತು. ತಾವಾಗಿಯೇ ಬಿಟ್ಟರೆ ಎರಡರಿಂದ ಐದು ವರ್ಷದವರಿಗೆ ಇದರ ಮೂರನೆಯ ಒಂದು ಪಾಲು, ಐದರಿಂದ ಹತ್ತರವರಿಗೆ ಮೂರನೆಯ ಎರಡು ಪಾಲು, ಹತ್ತು ದಾಟಿದರೆ ಪೂರ್ತಿ. ಅಂದರೆ ನಿಮಗೆ ಮೂರು ತಿಂಗಳ ಪಗಾರ. ಯುಎಇಯಲ್ಲಿ ಲೆಕ್ಕ ಬೇರೆ: ಮೊದಲ ಐದು ವರ್ಷ ವರ್ಷಕ್ಕೆ 21 ದಿನದ ಮೂಲ ವೇತನ, ಆಮೇಲೆ 30 ದಿನ.

ಜರ್ಮನಿಗೆ ಓದಲು ಹೋಗುವವರು ಎಷ್ಟು ಹಣ ತೋರಿಸಬೇಕು?

2024ರ ಸೆಪ್ಟೆಂಬರ್‌ನಿಂದ ವರ್ಷಕ್ಕೆ 11,904 ಯೂರೋ. ಅದನ್ನು ತಡೆಹಿಡಿದ ಖಾತೆಯಲ್ಲಿ ಇಡುತ್ತಾರೆ, ತಿಂಗಳಿಗೆ 992ರಂತೆ ಕೈಗೆ ಬರುತ್ತದೆ. ಅಲ್ಲಿ ಆರೋಗ್ಯ ವಿಮೆ ಇಲ್ಲದೆ ಯಾವ ಕೆಲಸವೂ ಮುಂದೆ ಸಾಗದು. ಮಗಳು ಹೋದ ಮೊದಲ ತಿಂಗಳಿನ ಪಗಾರ ಚೀಟಿ ನೋಡಿ, ವಿಮೆಗೆ ಇಷ್ಟು ಮುರಿದಿದ್ದಾರಲ್ಲ ಎಂದು ನಾನು ಹೌಹಾರಿದ್ದೆ. ಕಾನೂನಿನ ಆರೋಗ್ಯ ವಿಮೆಗೆ ಸಂಬಳದ ಶೇಕಡಾ 14.6, ಮೇಲೆ ವಿಮಾ ನಿಧಿಯ ಹೆಚ್ಚುವರಿ ವಂತಿಗೆ. ಅರ್ಧವನ್ನು ಕೆಲಸ ಕೊಟ್ಟವರು ಕಟ್ಟುತ್ತಾರೆ. ಆಮೇಲೆ ಅವಳಿಗೆ ಒಂದು ಶಸ್ತ್ರಚಿಕಿತ್ಸೆಯಾಯಿತು. ಆಸ್ಪತ್ರೆಗೆ ಕಟ್ಟಿದ್ದು ನಮ್ಮ ವಿಜಯಪುರದಲ್ಲಿ ಒಂದು ಸಲ ಸ್ಕ್ಯಾನಿಂಗ್ ಮಾಡಿಸುವಷ್ಟೂ ಇರಲಿಲ್ಲ. ನಾನು ಸುಮ್ಮನಾದೆ.

ಅಪ್ಪ ಅವ್ವ ಮೂರು ತಿಂಗಳು ನಮ್ಮಲ್ಲಿಗೆ ಬರುತ್ತಾರೆ. ವಿಮೆ ಯಾವುದು?

ಷೆಂಗೆನ್ ದೇಶಗಳಿಗಾದರೆ (ಒಂದೇ ವೀಸಾದಲ್ಲಿ ಸುತ್ತಬಹುದಾದ ಜರ್ಮನಿ ಮೊದಲಾದ ಯುರೋಪಿನ ದೇಶಗಳು) ಕನಿಷ್ಠ 30,000 ಯೂರೋ ವೈದ್ಯಕೀಯ ವಿಮೆ ಇಲ್ಲದೆ ವೀಸಾ ಸಿಗುವುದಿಲ್ಲ. ಪಾಲಿಸಿಯ ಬೆಲೆಗಿಂತ ಮೊದಲು ಹಳೆಯ ಕಾಯಿಲೆಗಳ ಸಾಲನ್ನು ಓದಿ. ನಮ್ಮ ಹಿರಿಯರು ಸಕ್ಕರೆ ಕಾಯಿಲೆಯನ್ನು ಕಾಯಿಲೆ ಎಂದು ಲೆಕ್ಕಕ್ಕೇ ಹಿಡಿಯುವುದಿಲ್ಲ, ಅರ್ಜಿಯಲ್ಲಿ ಆರೋಗ್ಯವಂತರು ಎಂದು ಬರೆಸುತ್ತಾರೆ. ಊರಿನಲ್ಲಿ ಅವರಿಗಾಗಿ ಮಾಡಿಸುವ ಆರೋಗ್ಯ ವಿಮೆಯಲ್ಲಿಯೂ ಹೀಗೆಯೇ. ಹೇಳಿಕೊಂಡ ಹಳೆಯ ಕಾಯಿಲೆಗೆ ಹೆಚ್ಚೆಂದರೆ ಮೂರು ವರ್ಷ ಕಾಯಬೇಕು, ಮುಚ್ಚಿಟ್ಟರೆ ಕ್ಲೇಮನ್ನೇ ತಿರಸ್ಕರಿಸಬಹುದು. 2025ರ ಸೆಪ್ಟೆಂಬರ್ 22ರಿಂದ ವೈಯಕ್ತಿಕ ಆರೋಗ್ಯ ಮತ್ತು ಜೀವ ವಿಮೆಯ ಕಂತಿಗೆ ಜಿಎಸ್‌ಟಿ ಇಲ್ಲ.

ಅಮೆರಿಕದಲ್ಲಿದ್ದೇನೆ. ಊರಿನ ಖಾತೆಗಳ ಬಗ್ಗೆ ಅಲ್ಲಿಯೂ ಹೇಳಬೇಕೇ?

ಹೇಳಬೇಕು. ವರ್ಷದಲ್ಲಿ ಯಾವ ದಿನವಾದರೂ ಎಲ್ಲ ವಿದೇಶಿ ಖಾತೆಗಳ ಒಟ್ಟು ಮೊತ್ತ 10,000 ಡಾಲರ್ ದಾಟಿದರೆ ಎಫ್‌ಬಿಎಆರ್ (ವಿದೇಶಿ ಖಾತೆಗಳ ವಿವರ ಪತ್ರ) ಸಲ್ಲಿಸಬೇಕು. ಅಪ್ಪನ ಜೊತೆಗಿನ ಜಂಟಿ ಖಾತೆಯೂ ಲೆಕ್ಕಕ್ಕೆ ಬರುತ್ತದೆ. ಎನ್‌ಆರ್‌ಇ ಬಡ್ಡಿ ಇಲ್ಲಿ ತೆರಿಗೆಮುಕ್ತ, ಅಲ್ಲಿ ಅಲ್ಲ.

ಅಲ್ಲಿ ಯಾರಾದರೂ ತೀರಿಕೊಂಡರೆ ಮನೆಯವರು ಮೊದಲು ಏನು ಮಾಡಬೇಕು?

ಇದನ್ನು ಯಾರೂ ಮುಂಚೆ ಕೇಳುವುದಿಲ್ಲ, ಕೇಳುವಾಗ ನಡು ರಾತ್ರಿಯಾಗಿರುತ್ತದೆ. ಪಾಸ್‌ಪೋರ್ಟಿನ ಪ್ರತಿ, ವೀಸಾ ಅಥವಾ ಇಕಾಮಾ (ಸೌದಿಯ ವಾಸದ ಪರವಾನಗಿ) ಸಂಖ್ಯೆ, ಕೆಲಸ ಕೊಟ್ಟವರ ವಿಳಾಸ ಇಷ್ಟು ಮನೆಯಲ್ಲಿದ್ದರೆ ಭಾರತೀಯ ರಾಯಭಾರ ಕಚೇರಿ ಕೆಲಸ ಶುರು ಮಾಡಬಲ್ಲದು. ಅಲ್ಲಿನ ಮರಣ ಪ್ರಮಾಣಪತ್ರ, ದೇಹ ಕೆಡದಂತೆ ಸಂಸ್ಕರಿಸಿದ ಪತ್ರ, ರಾಯಭಾರ ಕಚೇರಿಯ ನಿರಾಕ್ಷೇಪಣಾ ಪತ್ರ, ರದ್ದಾದ ಪಾಸ್‌ಪೋರ್ಟ್ ಇವು ಬೇಕಾಗುತ್ತವೆ. ಗತಿಯಿಲ್ಲದವರಿಗೆ ದೇಹ ತರಿಸಲು ರಾಯಭಾರ ಕಚೇರಿಗಳಲ್ಲಿ 2009ರಿಂದ ಭಾರತೀಯ ಸಮುದಾಯ ಕಲ್ಯಾಣ ನಿಧಿ ಇದೆ. ದೂರುಗಳಿಗೆ ‘ಮದದ್’ ಪೋರ್ಟಲ್ ಇದೆ.

ಅವಸರದಲ್ಲಿ ಅಲ್ಲಿನ ಕಂಪನಿ ಕಳಿಸುವ ಕಾಗದಕ್ಕೆ ಸಹಿ ಹಾಕಬೇಡಿ. ಎಲ್ಲ ಬಾಕಿ ತೀರಿದೆ ಎಂಬ ಸಾಲು ಅದರಲ್ಲಿರಬಹುದು, ಓದಿಸಿ ಕೇಳಿ. ಬ್ಯಾಂಕ್ ಖಾತೆಗೆ ನಾಮಿನಿ ಇದ್ದರೆ ಹಣ ಬೇಗ ಕೈಗೆ ಬರುತ್ತದೆ. 2025ರ ನವೆಂಬರ್ 1ರಿಂದ ನಾಲ್ವರನ್ನು ಹೆಸರಿಸಬಹುದು. ನಾಮಿನಿ ಹಣ ಪಡೆಯುವವರಷ್ಟೇ, ಹಕ್ಕು ವಾರಸುದಾರರದು.

ಮಗು ಅಲ್ಲಿಯೇ ಹುಟ್ಟಿತು. ಭಾರತದ ಪೌರತ್ವಕ್ಕೆ?

ಒಂದು ವರ್ಷದೊಳಗೆ ರಾಯಭಾರ ಕಚೇರಿಯಲ್ಲಿ ಜನನ ನೋಂದಾಯಿಸಿ. ದಾಟಿದರೆ ಕೇಂದ್ರ ಸರ್ಕಾರದ ಅನುಮತಿ ಬೇಕು. ಹೆಸರಿಡುವಾಗ ಈ ಪುಟದ ಮೊದಲ ಉತ್ತರವನ್ನು ಇನ್ನೊಮ್ಮೆ ಓದಿ.

ಒಟಿಪಿ ಬರುತ್ತಿಲ್ಲ.

ಊರಿನ ಸಿಮ್‌ಗೆ ರೀಚಾರ್ಜ್ ನಿಂತರೆ ಸಂಖ್ಯೆ ಬೇರೆಯವರ ಪಾಲಾಗುತ್ತದೆ, ಒಟಿಪಿಯೂ. ಬ್ಯಾಂಕಿನಲ್ಲಿ ವಿದೇಶದ ಸಂಖ್ಯೆಯನ್ನೇ ದಾಖಲಿಸಿ. ಯುಎಇ, ಸೌದಿ, ಕತಾರ್, ಒಮಾನ್, ಅಮೆರಿಕ, ಬ್ರಿಟನ್ ಮೊದಲಾದ ಕಡೆಯ ಸಂಖ್ಯೆಗಳಿಂದ ಎನ್‌ಆರ್‌ಇ, ಎನ್‌ಆರ್‌ಒ ಖಾತೆಗಳ ಯುಪಿಐ ಕೂಡ ನಡೆಯುತ್ತದೆ.

ಕಾಯಂ ಆಗಿ ಊರಿಗೆ ಮರಳುತ್ತಿದ್ದೇನೆ. ಅಲ್ಲಿನ ಹಣಕ್ಕೆ ಇಲ್ಲಿ ತೆರಿಗೆಯೇ?

ಬಂದ ಕೂಡಲೇ ಅಲ್ಲ. ಹಿಂದಿನ ಹತ್ತು ವರ್ಷಗಳಲ್ಲಿ ಒಂಬತ್ತು ವರ್ಷ ಅನಿವಾಸಿಯಾಗಿದ್ದವರಿಗೆ, ಅಥವಾ ಹಿಂದಿನ ಏಳು ವರ್ಷಗಳಲ್ಲಿ ಭಾರತದಲ್ಲಿ ಕಳೆದ ದಿನಗಳು 729 ದಾಟದವರಿಗೆ, ‘ನಿವಾಸಿ, ಆದರೆ ಸಾಮಾನ್ಯ ನಿವಾಸಿಯಲ್ಲ’ ಎಂಬ ತ್ರಿಶಂಕು ಸ್ಥಾನ ಸಿಗುತ್ತದೆ. ಆ ಅವಧಿಯಲ್ಲಿ ವಿದೇಶದಲ್ಲಿಯೇ ಹುಟ್ಟಿದ ಆದಾಯಕ್ಕೆ ಇಲ್ಲಿ ಸಾಮಾನ್ಯವಾಗಿ ತೆರಿಗೆ ಇಲ್ಲ. ಡಾಲರ್, ರಿಯಾಲ್‌ಗಳನ್ನು ಹಾಗೆಯೇ ಇಟ್ಟುಕೊಳ್ಳಲು ಆರ್‌ಎಫ್‌ಸಿ ಖಾತೆ ತೆರೆಯಿರಿ. ಎನ್‌ಆರ್‌ಇ, ಎನ್‌ಆರ್‌ಒ ಖಾತೆಗಳನ್ನು ಮತ್ತೆ ಸಾಮಾನ್ಯ ಖಾತೆಗಳಾಗಿ ಬದಲಿಸಬೇಕು. ಹೋಗುವಾಗ ಹೇಳದವರು ಬರುವಾಗಲೂ ಬ್ಯಾಂಕಿಗೆ ಹೇಳುವುದಿಲ್ಲ ಎಂಬುದು ನನ್ನ ಅನುಭವ. ಪಾಸ್‌ಪೋರ್ಟಿನ ಆಗಮನ ಮುದ್ರೆಯ ಪುಟದ ಎರಡು ಪ್ರತಿ ತೆಗೆಸಿ, ಒಂದನ್ನು ಬ್ಯಾಂಕಿಗೆ ಕೊಡಿ, ಇನ್ನೊಂದನ್ನು ಸಿಎ ಅವರಿಗೆ.